ಆಯುಧಪೂಜೆಗೆ ತೊಳೆದ ಸೈಕಲ್ಲು ನಾಲ್ಕೇ ದಿನಕ್ಕೆ ಕಿರುಗುಟ್ಟುವುದೇಕೆ?

ಆಯುಧಪೂಜೆಯ ಬೆಳಿಗ್ಗೆ ದಾವಣಗೆರೆಯ ಯಾವ ಓಣಿಗೆ ಹೋದರೂ ಮನೆ ಮುಂದೆ ಸೈಕಲ್ಲು, ಬೈಕು ಸಾಲಾಗಿ ನಿಂತಿರುತ್ತವೆ. ಪೈಪಿನಲ್ಲಿ ನೀರು ಹೊಡೆದು, ಬಟ್ಟೆ ಒಗೆಯುವ ಪುಡಿ ಕಲಸಿ, ಚೈನು, ಚಕ್ರ, ಪೆಡಲು ಎಲ್ಲವನ್ನೂ ತಿಕ್ಕಿ ತೊಳೆದು, ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕುವಷ್ಟರಲ್ಲಿ ಸೈಕಲ್ಲು ಈಗಷ್ಟೇ ಅಂಗಡಿಯಿಂದ ತಂದಂತೆ ಕಾಣುತ್ತದೆ. ನಾಲ್ಕು ದಿನ ಕಳೆಯಲಿ, ಪೆಡಲು ತುಳಿದಾಗಲೆಲ್ಲ ಕಿರ್ರ್ ಅನ್ನತೊಡಗುತ್ತದೆ. ಚೈನಿನ ಮೇಲೆ ಕೆಂಪಗೆ ತುಕ್ಕು. ಆಗ ಒಳಗಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತಂದು ಸುರಿಯುತ್ತಾರೆ. ಸದ್ದು ನಿಲ್ಲುತ್ತದೆ. ಹದಿನೈದು ದಿನ ಹೋದರೆ ಚೈನು ಡಾಂಬರು ಮೆತ್ತಿದಂತೆ ಕರ್ರಗಾಗಿ, ಪ್ಯಾಂಟಿನ ಅಂಚಿಗೆಲ್ಲ ಮಸಿ ಬಳಿಯುತ್ತದೆ.

ಇಲ್ಲಿ ನಡೆದ ತಪ್ಪು ಎರಡು. ಸೋಪಿನ ನೀರು ಚೈನಿನ ಒಳಗಿದ್ದ ಎಣ್ಣೆಯನ್ನು ತೊಳೆದುಹಾಕಿತು, ಆದರೆ ಆ ಜಾಗಕ್ಕೆ ಬೇರೆ ಎಣ್ಣೆ ಬೀಳಲಿಲ್ಲ, ನೀರೇ ಉಳಿಯಿತು. ಆಮೇಲೆ ಸದ್ದು ಬಂತೆಂದು ಒರೆಸದೆ ಎಣ್ಣೆ ಸುರಿದದ್ದು ಎರಡನೇ ತಪ್ಪು, ಅದೇ ಹೆಚ್ಚು ಕೆಟ್ಟದ್ದು. ಚಿತ್ರದುರ್ಗ, ದಾವಣಗೆರೆಯಂಥ ಒಣ ಸೀಮೆಯಲ್ಲಿ ಸೈಕಲ್ಲು ತುಕ್ಕು ಹಿಡಿದು ಹಾಳಾಗುವುದಕ್ಕಿಂತ ಸವೆದು ಹಾಳಾಗುವುದೇ ಹೆಚ್ಚು. ಸವೆಸುವುದು ಧೂಳು, ಆ ಧೂಳನ್ನು ಹಿಡಿದಿಡುವುದು ಬೇಡದ ಜಾಗಕ್ಕೆ ಬಿದ್ದ ಎಣ್ಣೆ. ಮೊದಲು ಒರೆಸುವುದು, ಆಮೇಲೆ ಎಣ್ಣೆ, ಎಣ್ಣೆಯಾದ ಮೇಲೆ ಮತ್ತೆ ಒರೆಸುವುದು. ಸೈಕಲ್ಲಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಈ ವರಸೆಯೇ.

ಸೈಕಲ್ ಶಾಪುಗಳಲ್ಲಿ ಪೂರ್ತಿ ಬಿಚ್ಚಿ ಜೋಡಿಸುವುದಕ್ಕೆ ‘ಓವರಾಯಿಲ್’ ಅನ್ನುತ್ತಾರೆ. ಮೂಲದಲ್ಲಿ ಅದು ‘ಓವರ್‌ಹಾಲ್’, ಅಂದರೆ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಕಟ್ಟುವುದು. ಬಾಯಿಂದ ಬಾಯಿಗೆ ಬರುತ್ತ ಅದರೊಳಗೆ ‘ಆಯಿಲ್’ ಸೇರಿಕೊಂಡಿತು. ಎಣ್ಣೆ ಬಿಟ್ಟರೆ ಸರ್ವಿಸ್ ಆದಂತೆ ಎಂಬ ನಂಬಿಕೆಯೂ ಅದರ ಜೊತೆಗೇ ಬೆಳೆದಿದೆ.

ನಮ್ಮ ಧೂಳು ಎಂಥದ್ದು

ಮಸಾರಿ ನೆಲದ ಕೆಂಧೂಳಿನಲ್ಲಿ ಕಲ್ಲಿನಿಂದ ಉದುರಿದ ಬೆಣಚುಕಲ್ಲಿನ ಪುಡಿ ಇರುತ್ತದೆ. ವಸ್ತುಗಳ ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿಗೆ 7, ಕಬ್ಬಿಣ ಉಜ್ಜುವ ಅರಕ್ಕೆ ಸುಮಾರು 6.5. ಚೈನಿನ ಉಕ್ಕು ಅರದಷ್ಟೂ ಗಟ್ಟಿಯಲ್ಲ. ಹಾಗಾಗಿ ಎಣ್ಣೆಯಲ್ಲಿ ಕಲಸಿದ ಕೆಂಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸುತ್ತ ಇರುವವರಿಗೆ ಇನ್ನೊಂದು ಕಾಟ, ಬೂದಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಸುಟ್ಟ ಮೇಲೆ ಬೂದಿಯಲ್ಲಿ ಉಳಿಯುವುದು ಬಹುಪಾಲು ಅದೇ. ಮುಟ್ಟಿದರೆ ಮೆತ್ತಗಿರುತ್ತದೆ, ಪಾತ್ರೆ ಬೆಳಗಲು ಬೂದಿ ಯಾಕೆ ಬಳಸುತ್ತಿದ್ದರು ಎಂದು ನೆನೆದರೆ ಅದರ ಗುಣ ಗೊತ್ತಾಗುತ್ತದೆ.

ಎರೆಮಣ್ಣಿನ ಕಥೆ ಬೇರೆ. ಒದ್ದೆಯಾದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆ ನಿಂತ ಮರುದಿನ ಎರೆಹೊಲದ ದಾರಿಯಲ್ಲೋ ಭದ್ರಾ ನಾಲೆಯ ಏರಿಯ ಮೇಲೋ ಸೈಕಲ್ಲು ತುಳಿದವರಿಗೆ ಇದು ಗೊತ್ತು. ಮಡ್‌ಗಾರ್ಡಿನ ಒಳಗೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಈ ಮಣ್ಣನ್ನು ಹಸಿಯಿದ್ದಾಗ ಬಟ್ಟೆಯಿಂದ ಒರೆಸಲು ಹೋದರೆ ಎಲ್ಲ ಕಡೆ ಬಳಿದುಕೊಳ್ಳುತ್ತದೆ. ದೊಡ್ಡ ಹೆಂಟೆಗಳನ್ನು ಬಿದಿರಿನ ಸೀಳಿನಿಂದ ಅಲ್ಲೇ ಎತ್ತಿಹಾಕಿ ಮನೆಗೆ ಬನ್ನಿ. ಉಳಿದದ್ದು ನೆರಳಲ್ಲಿ ಒಣಗಲಿ. ಒಣಗಿದ ಮೇಲೆ ಅಂಗೈಯಿಂದ ತಟ್ಟಿದರೆ ಹೆಪ್ಪುಹೆಪ್ಪಾಗಿ ಉದುರುತ್ತದೆ, ಆಮೇಲೆ ನೀರು. ಕಬ್ಬಿಣದ ಸ್ಕ್ರೂಡ್ರೈವರಿನಲ್ಲಿ ಕೆರೆಯಬೇಡಿ, ಪೇಂಟು ಎದ್ದ ಜಾಗದಿಂದಲೇ ತುಕ್ಕು ಶುರುವಾಗುವುದು.

ಚೈನು

ಚೈನಿನ ಒಂದು ಕೊಂಡಿಯನ್ನು ಹತ್ತಿರದಿಂದ ನೋಡಿ. ಎರಡು ಪಟ್ಟಿಗಳ ನಡುವೆ ಒಂದು ಪಿನ್ನು. ಪಿನ್ನಿನ ಸುತ್ತ ಕೊಳವೆಯಂಥ ಬುಷ್. ಬುಷ್ಷಿನ ಮೇಲೆ ಸುಮ್ಮನೆ ಉರುಳುವ ರೋಲರ್. ಒಂದು ಪಿನ್ನಿನ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ ಅರ್ಧ ಇಂಚು, 12.7 ಮಿ.ಮೀ. ಹಳೇ ಮಾದರಿಯ ಕರೀ ಸೈಕಲ್ಲಿಗೂ ಇಷ್ಟೇ, ಗೇರ್ ಸೈಕಲ್ಲಿಗೂ ಇಷ್ಟೇ. ಎಣ್ಣೆ ಬೇಕಾಗಿರುವುದು ಪಿನ್ನು ಮತ್ತು ಬುಷ್ಷಿನ ನಡುವೆ, ಬುಷ್ಷು ಮತ್ತು ರೋಲರಿನ ನಡುವೆ. ಕಣ್ಣಿಗೆ ಕಾಣುವ ಹೊರಪಟ್ಟಿಗೆ ಎಣ್ಣೆಯಿಂದ ಆಗಬೇಕಾದದ್ದು ಏನೂ ಇಲ್ಲ, ತುಕ್ಕು ಹಿಡಿಯದಂತೆ ಒಂದು ತೆಳು ಪಸೆ ಇದ್ದರೆ ಸಾಕು. ಅಲ್ಲಿ ದಪ್ಪಗೆ ಎಣ್ಣೆ ನಿಂತರೆ ಧೂಳನ್ನು ಕರೆದು ಕೂರಿಸಿದಂತೆ.

‘ಚೈನು ಎಳೆದುಕೊಂಡಿದೆ’ ಅನ್ನುತ್ತೇವೆ. ನಿಜವಾಗಿ ಉಕ್ಕಿನ ಪಟ್ಟಿ ಎಳೆಯುವುದಿಲ್ಲ. ಒಳಗೆ ಸೇರಿದ ಧೂಳು ಪಿನ್ನು, ಬುಷ್ಷುಗಳನ್ನು ಸವೆಸುತ್ತದೆ. ಒಂದೊಂದು ಪಿನ್ನಿನಲ್ಲಿ ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ಸವೆದರೂ 112 ಕೊಂಡಿಯ ಚೈನು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಆಗ ಕೊಂಡಿಗಳು ಹಲ್ಲುಗಳ ಬುಡದಲ್ಲಿ ಕೂರದೆ ಮೇಲಕ್ಕೆ ಜಾರುತ್ತ ಹಲ್ಲನ್ನೂ ತಿನ್ನುತ್ತವೆ. ಪೆಡಲಿನ ಬಳಿಯ ಹಲ್ಲುಚಕ್ರ, ಅಂದರೆ ಚೈನ್‌ವೀಲಿನ ಹಲ್ಲುಗಳು ಕುಡುಗೋಲಿನ ತುದಿಯಂತೆ ಒಂದೇ ಕಡೆಗೆ ಬಾಗಿದ್ದರೆ ಚೈನಿನ ಜೊತೆ ಅದೂ, ಹಿಂದಿನ ಚಕ್ರದ ಹಲ್ಲುಚಕ್ರವಾದ ಫ್ರೀವೀಲೂ ಹೋದವು ಎಂದೇ ಲೆಕ್ಕ. ಸಕಾಲಕ್ಕೆ ಚೈನೊಂದನ್ನೇ ಬದಲಿಸಿದ್ದರೆ ಉಳಿಯುತ್ತಿದ್ದ ಖರ್ಚು ಅದು.

ಸವೆತ ಅಳೆಯಲು ಮಕ್ಕಳ 30 ಸೆಂ.ಮೀ. ಸ್ಕೇಲು ಸಾಕು. ಪೆಡಲನ್ನು ಸ್ವಲ್ಪ ಒತ್ತಿಹಿಡಿದು ಚೈನಿನ ಮೇಲಿನ ಸಾಲು ಬಿಗಿಯಾಗುವಂತೆ ಮಾಡಿ. ಒಂದು ಪಿನ್ನಿನ ನಟ್ಟನಡುವೆ ಸ್ಕೇಲಿನ ಸೊನ್ನೆಯ ಗೆರೆ ಇಟ್ಟು ಅಲ್ಲಿಂದ 20 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಇಪ್ಪತ್ತನೇ ಕೊಂಡಿ ಮುಗಿಯುವ ಪಿನ್ನಿನ ನಡು 25.4ಕ್ಕೆ ಬರುತ್ತದೆ. ಗೇರ್ ಸೈಕಲ್ಲಿನಲ್ಲಿ ಅದು 25.5 ದಾಟಿದರೆ, ಗೇರಿಲ್ಲದ ಸೈಕಲ್ಲಿನಲ್ಲಿ 25.6 ದಾಟಿದರೆ ಚೈನು ಬದಲಿಸಿ. ಎರಡು ಮೂರು ಕಡೆ ಅಳೆಯುವುದು ಒಳ್ಳೆಯದು, ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.

ಇನ್ನು ಶುಚಿ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಹೋಗಿ. ಬಟ್ಟೆಯ ಜಾಗ ಬದಲಿಸುತ್ತ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿದರೆ ಹೊರಗಿನ ಮಸಿ ಬಹುಪಾಲು ಬರುತ್ತದೆ. ಇದಕ್ಕೆ ಎರಡು ನಿಮಿಷ ಬೇಡ. ಫುಲ್ ಚೈನ್‌ಕವರಿನ ಸೈಕಲ್ಲಾದರೆ ಕವರಿನ ಹಿಂದಿನ ತುಂಡು ಬಿಚ್ಚಿ ಕೆಲಸ ಮಾಡಿ. ಕವರು ಇರುವುದು ಧೂಳಿನಿಂದ ಕಾಪಾಡಲೆಂದೇ, ಸದ್ದು ಮಾಡುತ್ತದೆಂದು ಅದನ್ನು ಕಿತ್ತು ಅಟ್ಟಕ್ಕೆ ಹಾಕಬೇಡಿ. ಬಾಗಿದ್ದರೆ ನೇರ ಮಾಡಿ ಮತ್ತೆ ಹಾಕಿಸಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಚೈನನ್ನು ಬಿಚ್ಚಿ ತೊಳೆಯಬೇಕು. ಗೇರಿಲ್ಲದ ಸೈಕಲ್ಲಿನ ಚೈನಿಗೆ ಮೀನಿನ ಆಕಾರದ ಒಂದು ಲಾಕ್ ಇರುತ್ತದೆ, ಬಾಲದ ಕಡೆ ಸೀಳಿರುವ ತೆಳು ಪಟ್ಟಿ. ಕಟಿಂಗ್ ಪ್ಲೇಯರಿನ ಒಂದು ಬಾಯಿಯನ್ನು ಲಾಕಿನ ಬಾಲಕ್ಕೂ ಇನ್ನೊಂದನ್ನು ಪಕ್ಕದ ಪಿನ್ನಿಗೂ ಕೊಟ್ಟು ಒತ್ತಿದರೆ ಜಾರಿ ಬರುತ್ತದೆ. ಹಾರಿ ಹೋಗದಂತೆ ಮೇಲೆ ಬಟ್ಟೆ ಮುಚ್ಚಿ ಬಿಚ್ಚಿ. ಮತ್ತೆ ಹಾಕುವಾಗ ಮೇಲಿನ ಸಾಲಿನಲ್ಲಿ ಲಾಕಿನ ಮುಚ್ಚಿದ ತಲೆ ಹ್ಯಾಂಡಲ್ ಕಡೆಗೂ ಸೀಳಿದ ಬಾಲ ಕ್ಯಾರಿಯರ್ ಕಡೆಗೂ ಇರಬೇಕು. ತಿರುಗುಮುರುಗಾದರೆ ಎಲ್ಲಾದರೂ ತಗುಲಿ ಬಿಚ್ಚಿಕೊಂಡು, ನಡುದಾರಿಯಲ್ಲಿ ಚೈನು ಬೀಳುತ್ತದೆ.

ಬಿಚ್ಚಿದ ಚೈನನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಳುಗುವಷ್ಟು, ಅಂದರೆ ಸುಮಾರು 200 ಮಿ.ಲೀ. ಡೀಸೆಲ್ ಅಥವಾ ಸಿಕ್ಕರೆ ಸೀಮೆಎಣ್ಣೆ ಸುರಿದು, ಮುಚ್ಚಳ ಬಿಗಿದು ಎರಡು ನಿಮಿಷ ಅಲ್ಲಾಡಿಸಿ. ಮೊದಲ ಸಲ ಕಾಫಿ ಡಿಕಾಕ್ಷನ್ನಿನಂತೆ ಕಪ್ಪು ಬರುತ್ತದೆ. ಅದನ್ನು ಬಸಿದು ಮತ್ತೆ ಸ್ವಲ್ಪ ಹಾಕಿ, ತಿಳಿ ಬರುವವರೆಗೆ ಎರಡು ಮೂರು ಸಲ. ಪೆಟ್ರೋಲ್ ಬೇಡವೇ ಬೇಡ. ಅದರ ಆವಿಗೆ ದೂರದ ಕಿಡಿಯೂ ಸಾಕು. ಡೀಸೆಲ್ ಆದರೂ ಒಲೆ, ದೀಪದ ಹತ್ತಿರ ಬೇಡ, ಅಂಗಳದಲ್ಲೇ ಮಾಡಿ. ಕೊಳೆಯಾದ ಡೀಸೆಲ್ಲನ್ನು ಚರಂಡಿಗೆ ಚೆಲ್ಲದೆ ಒಂದು ರಾತ್ರಿ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಬರುತ್ತದೆ. ಡಬ್ಬಿಯ ತಳದಲ್ಲಿ ಸಣ್ಣ ಸಕ್ಕರೆಯಂತೆ ಕೂತಿರುವುದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಆ ಗರಗರ ಇಷ್ಟು ದಿನ ಪಿನ್ನುಗಳ ನಡುವೆ ಇತ್ತು.

ತೊಳೆದ ಚೈನನ್ನು ಒರೆಸಿ, ಒಂದು ರಾತ್ರಿ ಮೊಳೆಗೆ ನೇತುಹಾಕಿ. ಡೀಸೆಲ್ ಪೂರ್ತಿ ಆರದೆ ಎಣ್ಣೆ ಬಿಟ್ಟರೆ ಹೊಸ ಎಣ್ಣೆ ತೆಳ್ಳಗಾಗಿ ಬೇಗ ಹೊರಟುಹೋಗುತ್ತದೆ.

ಯಾವ ಎಣ್ಣೆ

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಮನೆಯಲ್ಲಿ ಶೇಂಗಾ ಎಣ್ಣೆಗೆ ಬರವಿಲ್ಲ. ಆದರೂ ಚೈನಿಗೆ ಅದು ಬೇಡ. ಅಡುಗೆ ಎಣ್ಣೆಗಳು ಗಾಳಿ ತಗುಲುತ್ತ ಕ್ರಮೇಣ ಅಂಟಾಗುತ್ತವೆ. ಬಾಣಲೆಯ ಹೊರಮೈಗೆ ಕಟ್ಟುವ ಹಳದಿ ಜಿಗುಟು ನೋಡಿದ್ದೀರಲ್ಲ, ಅದೇ ಜಿಗುಟು ಕೊಂಡಿಗಳ ಒಳಗೂ ಕಟ್ಟಿ ಅವು ಮಡಚದಂತೆ ಬಿಗಿಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ನಿಂತದ್ದು ಚೈನಿನಲ್ಲೂ ಹಾಗೇ ನಿಲ್ಲುತ್ತದೆ. ಬಂಡಿಯ ಕೀಲಿಗೆ ಹರಳೆಣ್ಣೆ ಹಾಕುತ್ತಿದ್ದರಲ್ಲ ಎಂದು ಕೇಳಬಹುದು. ಬಂಡಿಯ ಅಚ್ಚು ನಿಧಾನಕ್ಕೆ ತಿರುಗುತ್ತದೆ, ಭಾರ ಹೆಚ್ಚು, ಜೊತೆಗೆ ಮತ್ತೆ ಮತ್ತೆ ಕೀಲೆಣ್ಣೆ ಹಾಕುತ್ತಲೇ ಇರುತ್ತಿದ್ದರು. ಸೈಕಲ್ ಚೈನಿನ ಸಂದಿಗೆ ಇಳಿಯಲು ಅದು ತೀರಾ ಮಂದ.

ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಸುಟ್ಟ ಎಂಜಿನ್ ಆಯಿಲ್ ಇನ್ನೂ ಕೆಟ್ಟದ್ದು. ಅದರಲ್ಲಿ ಆಗಲೇ ಮಸಿ, ಲೋಹದ ಪುಡಿ ಸೇರಿರುತ್ತದೆ. ಗ್ರೀಸು ಬೇರಿಂಗಿಗೆ ಸರಿ, ಚೈನಿನ ಮೇಲೆ ಬಳಿದರೆ ಒಳಕ್ಕೆ ಇಳಿಯದೆ ಹೊರಗೇ ಕೂತು ಧೂಳು ಹಿಡಿಯುತ್ತದೆ. ಡಬ್ಲ್ಯೂಡಿ-40 ತರಹದ ಸ್ಪ್ರೇ ನೀರು ಓಡಿಸಲು, ಹಿಡಿದುಕೊಂಡ ನಟ್ಟು ಬಿಚ್ಚಲು ಚೆನ್ನ, ಆದರೆ ಅದರ ಪಸೆ ತೆಳು, ಚೈನಿಗೆ ಅದೊಂದನ್ನೇ ನಂಬಬೇಡಿ.

ಸೈಕಲ್ಲಿಗೆಂದೇ ಬರುವ ಚೈನ್ ಲ್ಯೂಬ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬೇಸಿಗೆಯ ಧೂಳಿಗೆ ಹೊಲಿಗೆ ಮಷೀನಿನ ಎಣ್ಣೆ, ಮಳೆಗೆ ಹೊಸ 20ಡಬ್ಲ್ಯೂ-40 ಎಂಜಿನ್ ಆಯಿಲ್. ಹೊಲಿಗೆ ಎಣ್ಣೆ ತೆಳ್ಳಗಿರುವುದರಿಂದ ಒಳಕ್ಕೆ ಬೇಗ ಇಳಿಯುತ್ತದೆ, ಧೂಳು ಕಡಿಮೆ ಹಿಡಿಯುತ್ತದೆ, ಆದರೆ ಬೇಗ ಮುಗಿಯುತ್ತದೆ. ದಿನಾ ಓಡಿಸುವವರು ಹತ್ತು ಹದಿನೈದು ದಿನಕ್ಕೊಮ್ಮೆ ಹಾಕಬೇಕು. ಎಂಜಿನ್ ಆಯಿಲ್ ಮಳೆಯಲ್ಲಿ ನಿಲ್ಲುತ್ತದೆ, ಒರೆಸುವ ಕೆಲಸ ಮಾತ್ರ ಹೆಚ್ಚು. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಧೂಳನ್ನೂ ಎತ್ತಿಕೊಂಡು ಬರುತ್ತದೆ. ಮಳೆ ಕಾಣದೆ ಬರೀ ಗಾಳಿಯಿದ್ದ ವರ್ಷ ಜೂನ್, ಜುಲೈನಲ್ಲೂ ಹೊಲಿಗೆ ಎಣ್ಣೆಯೇ ಮೇಲು.

ಹಾಕುವ ಬಗೆ ಹೀಗೆ. ಕೆಳಗಿನ ಸಾಲಿನ ಒಳಮೈ, ಅಂದರೆ ಹಲ್ಲಿನ ಮೇಲೆ ಕೂರುವ ಮೈ, ಮೇಲ್ಮುಖವಾಗಿರುತ್ತದೆ. ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸುತ್ತ ಪ್ರತಿ ರೋಲರಿನ ಮೇಲೆ ಒಂದೇ ಹನಿ. ಚೈನು ಶುಚಿಯಾಗಿದ್ದರೆ ಹನಿ ಒಂದು ಗಳಿಗೆ ಗುಂಡಗೆ ನಿಂತು, ಪಟ್ಟಿಯ ಸಂದಿಗೆ ಸರಿದು, ಮಾಯವಾಗುತ್ತದೆ. ಹಾಗಾಗದೆ ಮೇಲೇ ಕಪ್ಪಾಗಿ ಹರಡಿದರೆ ಒಳಗೆ ಇನ್ನೂ ಕೊಳೆ ತುಂಬಿದೆ ಎಂದರ್ಥ, ಎಣ್ಣೆ ನಿಲ್ಲಿಸಿ ಮತ್ತೆ ತೊಳೆಯಿರಿ. ಇಡೀ ಚೈನಿಗೆ ಬೇಕಾಗುವುದು ಒಂದು ಟೀ ಚಮಚಕ್ಕೂ ಕಡಿಮೆ ಎಣ್ಣೆ. ಹನಿ ಬಿಡಲು ಸೂಜಿ ತೆಗೆದ ಸಿರಿಂಜು ಅನುಕೂಲ. ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಒಣಬಟ್ಟೆಯಿಂದ ಹೊರಗಿನದನ್ನೆಲ್ಲ ಒರೆಸಿಬಿಡಿ. ಒರೆಸಿದ ಮೇಲೆ ಚೈನು ಮುಟ್ಟಿದರೆ ಬೆರಳಿಗೆ ಸ್ವಲ್ಪವೇ ಪಸೆ ಹತ್ತಬೇಕು.

ಚೈನಿನ ಬಿಗಿಯೂ ನೋಡಬೇಕು. ಗೇರಿಲ್ಲದ ಸೈಕಲ್ಲಿನಲ್ಲಿ ಸಾಲಿನ ನಡುವೆ ಬೆರಳಿಂದ ಎತ್ತಿ ಇಳಿಸಿದರೆ ಒಂದರಿಂದ ಎರಡು ಸೆಂ.ಮೀ. ಆಡಬೇಕು. ಚೈನ್‌ವೀಲು ಪೂರ್ತಿ ದುಂಡಗಿರುವುದು ಅಪರೂಪ, ಹಾಗಾಗಿ ಪೆಡಲನ್ನು ಒಂದು ಸುತ್ತು ತಿರುಗಿಸಿ ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಿರಿ. ಹೆಚ್ಚು ಬಿಗಿದರೆ ಹಿಂದಿನ ಚಕ್ರದ ನಡುವಿನ ಹಬ್ಬು, ಪೆಡಲಿನ ಕೆಳಗಿನ ಬೇರಿಂಗು ಎರಡೂ ಬೇಗ ಸವೆಯುತ್ತವೆ.

ನೀರು ಎಷ್ಟು, ಎಲ್ಲಿ

ವಾರದ ಶುಚಿಗೆ ಒಂದು ಚೊಂಬು ನೀರು, ಎರಡು ಹಳೇ ಬನಿಯನ್ ಬಟ್ಟೆ ಸಾಕು. ತೊಳೆಯಲೇಬೇಕಾದಾಗ ಎರಡು ಅರ್ಧ ಬಕೆಟ್ ನೀರು ಇಟ್ಟುಕೊಳ್ಳಿ. ಒಂದರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುತ್ತದೆ, ಅದು ಅಲ್ಯೂಮಿನಿಯಂ ಭಾಗಗಳನ್ನು ಮಂಕಾಗಿಸುತ್ತದೆ. ಮೊದಲು ಒಣಗಿದ ಧೂಳಿನ ಮೇಲೆ ನೀರು ಚಿಮುಕಿಸಿ ನೆನೆಸಿ. ಒಣ ಧೂಳಿನ ಮೇಲೇ ಬಟ್ಟೆ ಎಳೆದರೆ ಪೇಂಟಿನ ಮೇಲೆ ಗೀರು ಬೀಳುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ: ಹ್ಯಾಂಡಲ್, ಸೀಟು, ಫ್ರೇಮು, ಮಡ್‌ಗಾರ್ಡು, ಆಮೇಲೆ ರಿಮ್ಮು, ಕಡ್ಡಿಗಳು. ಚೈನು, ಫ್ರೀವೀಲಿನ ಬಟ್ಟೆ ಬೇರೆಯೇ ಇರಲಿ. ಆ ಬಟ್ಟೆ ರಿಮ್ಮಿಗೆ ತಾಗಿತೆಂದರೆ ಬ್ರೇಕು ಹಿಡಿಯುವುದಿಲ್ಲ.

ಪೈಪಿನ ಜೋರು ನೀರನ್ನು ಚಕ್ರದ ನಡುವಿನ ಹಬ್ಬಿಗೆ, ಪೆಡಲಿನ ಬುಡಕ್ಕೆ, ಹ್ಯಾಂಡಲಿನ ಬುಡದ ಬೇರಿಂಗ್ ಕಪ್ಪಿಗೆ ಹೊಡೆಯಬೇಡಿ. ಈ ಜಾಗಗಳಲ್ಲಿ ನೀರನ್ನು ಪೂರ್ತಿ ತಡೆಯುವ ಸೀಲು ಹೆಚ್ಚಿನ ಸಾದಾ ಸೈಕಲ್ಲುಗಳಲ್ಲಿ ಇರುವುದಿಲ್ಲ, ಸಣ್ಣ ತಗಡಿನ ಕ್ಯಾಪು ಮಾತ್ರ. ನೀರು ಒಳಗೆ ಹೋದರೆ ಗ್ರೀಸನ್ನು ತೊಳೆದು, ಹೊರಗಿದ್ದ ಧೂಳನ್ನೂ ಒಳಗೆ ಕೂರಿಸುತ್ತದೆ. ಆಯುಧಪೂಜೆಯ ನಂತರದ ಸದ್ದಿನಲ್ಲಿ ಇದರ ಪಾಲೂ ಇದೆ.

ಬೋರಿನ ನೀರು ನಮ್ಮಲ್ಲಿ ಗಡಸು. ತಾನಾಗೇ ಆರಲು ಬಿಟ್ಟರೆ ಪೇಂಟಿನ ಮೇಲೆ ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ಒಣಬಟ್ಟೆಯಿಂದ ಒರೆಸಿಯೇ ಮುಗಿಸಿ. ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆ ಬಂದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಹೊಳಪಿಗೆ ಗೀರು ಬೀಳದೆ ತುಕ್ಕು ಬರುತ್ತದೆ. ಮರಳು, ಕಬ್ಬಿಣದ ನಾರು ಬೇಡ.

ಫ್ರೀವೀಲು ಮತ್ತು ಹಬ್ಬು

ಹಿಂದಕ್ಕೆ ಪೆಡಲು ತಿರುಗಿಸಿದಾಗ ಟಿಕ್ ಟಿಕ್ ಅನ್ನುವುದು ಫ್ರೀವೀಲು. ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಉಕ್ಕಿನ ನಾಲಿಗೆಗಳು ಹಲ್ಲಿನ ಬಳೆಗೆ ಸಿಕ್ಕಿಕೊಂಡಾಗ ಚಕ್ರ ತಿರುಗುತ್ತದೆ. ಧೂಳು, ಒಣಗಿದ ಗ್ರೀಸು ಸೇರಿ ನಾಲಿಗೆ ಮಡಚಿಕೊಂಡೇ ಉಳಿದರೆ ಪೆಡಲು ಎರಡೂ ಕಡೆ ಸುಮ್ಮನೆ ತಿರುಗುತ್ತದೆ, ಸೈಕಲ್ಲು ಮುಂದೆ ಹೋಗುವುದಿಲ್ಲ. ಅದಕ್ಕೇ ಫ್ರೀವೀಲಿಗೆ ಗ್ರೀಸು ಹಾಕಬಾರದು. ಸೈಕಲ್ಲನ್ನು ಎಡಕ್ಕೆ ವಾಲಿಸಿ ಫ್ರೀವೀಲು ಮೇಲೆ ಬರುವಂತೆ ಮಾಡಿ. ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಕೂದಲೆಳೆಯ ಸಂದಿ ಕಾಣುತ್ತದೆ. ಅದನ್ನು ಒರೆಸಿ, ಚಕ್ರ ಹಿಡಿದು ಫ್ರೀವೀಲನ್ನು ಹಿಂದಕ್ಕೆ ತಿರುಗಿಸುತ್ತ ಹೊಲಿಗೆ ಎಣ್ಣೆ ಐದಾರು ಹನಿ ಬಿಡಿ. ಟಿಕ್ ಟಿಕ್ ಮೊದಲು ಒಣಗಿ ಕೇಳುತ್ತಿದ್ದುದು ಮೆತ್ತಗಾಗುತ್ತದೆ. ಇಷ್ಟಾದರೂ ಜಾರುತ್ತಿದ್ದರೆ ಹೊಸ ಫ್ರೀವೀಲೇ ಗತಿ.

ಹಬ್ಬನ್ನು ಪರೀಕ್ಷಿಸುವುದು ಸುಲಭ. ಮುಂದಿನ ಚಕ್ರ ಎತ್ತಿಹಿಡಿದು, ಗಾಳಿ ತುಂಬುವ ವಾಲ್ವು ಪಕ್ಕಕ್ಕೆ ಬರುವಂತೆ ನಿಲ್ಲಿಸಿ ಕೈಬಿಡಿ. ಬೇರಿಂಗ್ ಸರಿಯಿದ್ದರೆ ಚಕ್ರ ತಾನಾಗೇ ತಿರುಗಿ, ಭಾರದ ಕಡೆ ಕೆಳಗೆ ಬಂದು, ಆಚೀಚೆ ತೂಗಿ ನಿಲ್ಲುತ್ತದೆ. ತಟ್ಟನೆ ನಿಂತರೆ ಬೇರಿಂಗಿನ ಬಾಲ್ಸನ್ನು ಒತ್ತಿಹಿಡಿಯುವ ನಟ್ಟು, ಅಂದರೆ ಕೋನು ಬಿಗಿ, ಅಥವಾ ಗ್ರೀಸು ಒಣಗಿದೆ. ರಿಮ್ಮು ಹಿಡಿದು ಆಚೀಚೆ ಅಲ್ಲಾಡಿಸಿದಾಗ ಟಕ್ ಅಂದರೆ ಕೋನು ಸಡಿಲ. ಹಳೇ ಮಾದರಿಯ ಹಬ್ಬಿನ ನಡುವೆ ಎಣ್ಣೆ ಬಿಡಲು ಒಂದು ತೂತು, ಅದರ ಮೇಲೊಂದು ಬಳೆಯಂಥ ಮುಚ್ಚಳ ಇರುತ್ತದೆ. ಮುಚ್ಚಳ ಕಳೆದಿದ್ದರೆ ಆ ತೂತೇ ಧೂಳಿನ ಬಾಗಿಲು, ಹೊಸದು ಹಾಕಿಸಿ.

ವರ್ಷಕ್ಕೊಮ್ಮೆ ಮುಂದಿನ ಹಬ್ಬನ್ನು ಮನೆಯಲ್ಲೇ ಬಿಚ್ಚಬಹುದು. ಚಕ್ರ ಕಳಚಿ, ಒಂದು ತಟ್ಟೆಯ ಮೇಲೆ ಇಟ್ಟು, ಒಂದು ಕಡೆಯ ಕೋನು ಬಿಚ್ಚಿ. ಬಾಲ್ಸು ತಟ್ಟೆಗೆ ಉದುರುತ್ತವೆ, ಎರಡೂ ಕಡೆಯವನ್ನು ಬೇರೆ ಬೇರೆ ಎಣಿಸಿ ಬರೆದಿಟ್ಟುಕೊಳ್ಳಿ. ಕರೀ ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಕಡೆಗೆ ಹತ್ತು, ಅಳತೆ 3/16 ಇಂಚು. ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು ಕೋನನ್ನು ಬೆಳಕಿಗೆ ಹಿಡಿಯಿರಿ. ಬಾಲ್ಸು ಓಡಿದ ದಾರಿ ಬಳೆಯಂತೆ ಹೊಳೆಯುತ್ತಿದ್ದರೆ ಸರಿ. ಅಲ್ಲಲ್ಲಿ ಸಿಡುಬಿನ ಕಲೆಯಂತೆ ಗುಂಡಿ ಬಿದ್ದಿದ್ದರೆ ಕೋನು, ಬಾಲ್ಸು ಎರಡನ್ನೂ ಬದಲಿಸಿ. ಬಾಲ್ಸು ಹಾಕುವುದಾದರೆ ಎಲ್ಲವೂ ಹೊಸದೇ ಇರಲಿ. ಹಳೆಯ ಸವೆದ ಬಾಲ್ಸಿನ ನಡುವೆ ಒಂದು ಹೊಸದು ಸೇರಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಬಾಲ್ಸು ಕೂರುವ ಕಪ್ಪಿನೊಳಗೆ ಹೊಸ ಗ್ರೀಸು ಅರ್ಧ ತುಂಬುವಷ್ಟು ಹಾಕಿ, ಬಾಲ್ಸನ್ನು ಅದರೊಳಗೆ ಒಂದೊಂದಾಗಿ ಒತ್ತಿ ಕೂರಿಸಿ. ಅಂಟಿಕೊಂಡು ನಿಲ್ಲುತ್ತವೆ. ಕೋನನ್ನು ಕೈಯಲ್ಲೇ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ಹಿಂದಕ್ಕೆ ಬಿಟ್ಟು ಲಾಕ್‌ನಟ್ಟು ಬಿಗಿಯಿರಿ. ಲಾಕ್‌ನಟ್ಟು ಬಿಗಿದಾಗ ಕೋನೂ ಒಂಚೂರು ಒಳಕ್ಕೆ ಸರಿಯುವುದರಿಂದ ಒಂದೇ ಸಲಕ್ಕೆ ಸರಿಹೋಗುವುದು ಅಪರೂಪ. ಎರಡು ಮೂರು ಸಲ ಬಿಚ್ಚಿ ಬಿಗಿಯುವ ತಾಳ್ಮೆ ಬೇಕು. ಹಿಂದಿನ ಹಬ್ಬಿಗೆ ಫ್ರೀವೀಲು ಬಿಚ್ಚುವ ಬೇರೆ ಪುಲ್ಲರ್ ಬೇಕಾಗುತ್ತದೆ, ಅದನ್ನು ಶಾಪಿಗೆ ಬಿಡಿ. ರಿಮ್ಮಿನ ಬೆಂಡು ತೆಗೆಯುವುದನ್ನೂ ಅಷ್ಟೇ. ಕಡ್ಡಿ ತಪ್ಪಾಗಿ ಬಿಗಿದರೆ ಬೆಂಡು ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ.

ಪೆಡಲು ತುಳಿಯುವಾಗ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಲೊಟ್ ಅಂದು ಕಾಲು ಜಾರಿದಂತಾದರೆ ಕಾಟರ್ ಪಿನ್ನು, ಅಂದರೆ ಪೆಡಲಿನ ತೋಳಾದ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಹಿಡಿಯುವ ಪಿನ್ನು, ಸಡಿಲ. ಅದನ್ನು ಅಂದೇ ನೋಡಿಸಿ. ಹಾಗೇ ಓಡಿಸಿದರೆ ಪಿನ್ನಿನ ಜೊತೆ ಕ್ರ್ಯಾಂಕಿನ ತೂತೂ ಅಗಲವಾಗಿ, ಆಮೇಲೆ ಹೊಸ ಪಿನ್ನು ಹಾಕಿದರೂ ನಿಲ್ಲುವುದಿಲ್ಲ.

ಬ್ರೇಕು

ಬ್ರೇಕ್ ರಬ್ಬರು ರಿಮ್ಮಿನಿಂದ ಎರಡು ಮೂರು ಮಿ.ಮೀ. ದೂರ ಇರಲಿ, ಎರಡೂ ಒಟ್ಟಿಗೆ ತಾಗಲಿ. ರಬ್ಬರಿನ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಉಪ್ಪುಕಾಗದದಿಂದ ಉಜ್ಜಿ, ಸಿಕ್ಕಿಕೊಂಡ ಕಲ್ಲಿನ ಚೂರುಗಳನ್ನು ಪಿನ್ನಿನಿಂದ ತೆಗೆಯಿರಿ. ಕೇಬಲಿನ ತಂತಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಕೇಬಲು ಬದಲಿಸಿ. ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರು ಸರಿಯಾಗಿ ಹಿಡಿಯುವುದಿಲ್ಲ, ಮಳೆಯಲ್ಲಿ ಮುಂಚೆಯೇ ಒಂದೆರಡು ಸಲ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಂಥ ಇಳಿಜಾರಿಗೆ ಹೋಗುವ ಮುನ್ನ ಇಷ್ಟನ್ನೂ ನೋಡಿಕೊಳ್ಳಿ. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಡಿಸ್ಕಿನ ಹತ್ತಿರ ಎಣ್ಣೆಯ ಸ್ಪ್ರೇ ತರಲೇಬೇಡಿ.

ಟೈರು ಮತ್ತು ಮುಳ್ಳು

ಬಳ್ಳಾರಿ ಜಾಲಿಯ ಮುಳ್ಳು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಪಂಚರ್ ಮಾಡುವುದು ನೆಗ್ಗಿಲು. ನೆಲಕ್ಕಂಟಿ ಹರಡುವ ಬಳ್ಳಿ, ಹಳದಿ ಹೂ, ಕಾಯಿ ಒಣಗಿದರೆ ಗಟ್ಟಿ ಮುಳ್ಳಿನ ಚೂರುಗಳಾಗಿ ಬಿರಿಯುತ್ತದೆ. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಖಾಲಿ ಸೈಟು, ಹೊಲದ ಬದುವಿನ ದಾರಿಯಿಂದ ಬಂದ ಕೂಡಲೇ ಟೈರನ್ನು ಒಮ್ಮೆ ಸುತ್ತಿಸಿ ನೋಡಿ. ಮುಳ್ಳು ಮೊದಲು ರಬ್ಬರಿನಲ್ಲಷ್ಟೇ ಸಿಕ್ಕಿಕೊಂಡಿರುತ್ತದೆ, ಓಡಿಸಿದಂತೆ ಒಳಕ್ಕೆ ಹೋಗಿ ಟ್ಯೂಬಿಗೆ ತಾಗುತ್ತದೆ.

ಪಂಚರ್ ಹಾಕುವಾಗ ಆಗುವ ತಪ್ಪು ಬಹುತೇಕ ಎರಡೇ. ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚು ಅಂಟಿಸುವುದು ಒಂದು. ಟ್ಯೂಬನ್ನು ಉಪ್ಪುಕಾಗದದಿಂದ ಉಜ್ಜಿ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ತೆಳ್ಳಗೆ ಹಚ್ಚಿ, ಮೂರರಿಂದ ಐದು ನಿಮಿಷ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೇ ಅಂಟಿಸಬೇಕು. ಎರಡನೆಯದು, ಮುಳ್ಳಿನ ತುದಿಯನ್ನು ಟೈರಿನಲ್ಲೇ ಬಿಡುವುದು. ಟೈರಿನ ಒಳಮೈಗೆ ಹತ್ತಿಯ ಉಂಡೆ ಸವರುತ್ತ ಹೋಗಿ, ಮುಳ್ಳಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಗಾಯವಿಲ್ಲ. ಉದ್ದ ಮುಳ್ಳಾದರೆ ಟ್ಯೂಬಿನ ಎದುರು ಬದಿಯಲ್ಲೂ ತೂತಿರಬಹುದು, ನೀರಿನಲ್ಲಿ ಪೂರ್ತಿ ಅದ್ದಿ ಗುಳ್ಳೆ ನೋಡಿ.

ಪಂಚರೇ ಇಲ್ಲದೆ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ವಾಲ್‌ಟ್ಯೂಬ್, ಅಂದರೆ ಸಣ್ಣ ರಬ್ಬರ್ ಕೊಳವೆ, ಬಿಸಿಲಿಗೆ ಬಿರಿದಿದೆ. ಹೊಸ ತುಂಡು ಹಾಕಿದರಾಯಿತು. ಗಾಳಿ ಎಷ್ಟು ಹಿಡಿಸಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಪಿಎಸ್‌ಐ ಎಂಬ ಅಕ್ಷರಗಳ ಜೊತೆಗೆ. ಗಾಳಿ ಕಡಿಮೆಯಿದ್ದರೆ ಗುಂಡಿಗೆ ಬಿದ್ದಾಗ ರಿಮ್ಮಿಗೆ ಟ್ಯೂಬು ಜಜ್ಜಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಈಗಲೂ ಹಳ್ಳಿಗಳಲ್ಲಿ ಓಡುತ್ತಿವೆ, ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ದಾಟಿಕೊಂಡು. ಅಂಥ ಸೈಕಲ್ಲು ಮನೆಯಲ್ಲಿದ್ದರೆ ಈ ಸಲದ ಆಯುಧಪೂಜೆಗೆ ತೊಳೆಯುವ ಕೆಲಸವನ್ನು ಎರಡು ದಿನ ಮುಂಚೆ ಇಟ್ಟುಕೊಳ್ಳಿ. ಬೆಳಿಗ್ಗೆ ತೊಳೆದು ಒರೆಸಿ, ಬಿಸಿಲಿಗೆ ನಿಲ್ಲಿಸಿ, ಸಂಜೆ ಚೈನಿಗೂ ಫ್ರೀವೀಲಿಗೂ ಎಣ್ಣೆ ಬಿಟ್ಟು, ಮರುದಿನ ಹೊರಗಿನದನ್ನು ಒರೆಸಿ. ಪೂಜೆಯ ದಿನ ವಿಭೂತಿ, ಕುಂಕುಮ ಹ್ಯಾಂಡಲಿಗೆ, ಫ್ರೇಮಿಗೆ ಹಚ್ಚಿ. ಚೈನಿಗೆ, ಹಬ್ಬಿಗೆ ಹಚ್ಚಬೇಡಿ, ವಿಭೂತಿಯೂ ಪುಡಿಯೇ. ಹಾರದ ನಾರು ಕಡ್ಡಿಗಳ ನಡುವೆ ಇಳಿಬೀಳದಂತೆ ಹ್ಯಾಂಡಲಿಗೇ ಬಿಗಿಯಾಗಿ ಕಟ್ಟಿ.